ಫೆಬ್ರವರಿ ಆರು

ಏಪ್ರಿಲ್ 16

ದೊಡ್ಡಮ್ಮ,

ಇದನ್ನು ಫೋನಿನಲ್ಲಿ ಹೇಳಿದ್ದರೆ ನೀನು "ಆಂ? ಯಾರು ಹೋದ್ರು?" ಎನ್ನುತ್ತಿದ್ದೆ. ಯಾರೂ ಹೋಗಿಲ್ಲ. ಒಬ್ಬರು ಬರುವವರಿದ್ದಾರೆ. ನವೆಂಬರ್ ಹದಿಮೂರು ಎಂದು ನಮ್ಮ ನೌಕರರ ಕ್ಲಿನಿಕ್ಕಿನ ಸಿಸ್ಟರ್ ಲೆಕ್ಕ ಹಾಕಿ ಬರೆದುಕೊಟ್ಟಿದ್ದಾರೆ. ಹಳದಿ ರಟ್ಟಿನ ಫೈಲು, ಮೇಲೆ ನನ್ನ ನೌಕರಿಯ ಸಂಖ್ಯೆ.

ನೌಕರಿಯ ಸುದ್ದಿ ಫೆಬ್ರವರಿಯಲ್ಲೇ ತಿಳಿಸಿದ್ದೆ. ತೂಕ ಮತ್ತು ಅಳತೆಯ ಕಚೇರಿ. ಆರು ವರ್ಷ ಪರೀಕ್ಷೆ ಬರೆದ ಮೇಲೆ, ಮೂವತ್ತೈದು ತುಂಬಲು ಐದು ವಾರ ಉಳಿದಿದ್ದಾಗ ಬಂದ ಆದೇಶ. ಮೂವತ್ತೈದು ದಾಟಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಆಗಸ್ಟ್ ಹತ್ತಕ್ಕೆ ಪ್ರೊಬೇಷನ್ ಮುಗಿಯುತ್ತದೆ, ಆಮೇಲೆ ಕಾಯಂ.

ಉದ್ದನೆಯ ಹಜಾರ. ಉತ್ತರದ ಕಿಟಕಿಗಳನ್ನು ಗಾಳಿಗೆ ತಕ್ಕಡಿ ಅಲುಗಬಾರದೆಂದು ಮೊಳೆ ಹೊಡೆದು ಮುಚ್ಚಿದ್ದಾರೆ. ಅಂಗಡಿಯವರು ವರ್ಷಕ್ಕೊಮ್ಮೆ ತಮ್ಮ ತೂಕದ ಬಟ್ಟುಗಳನ್ನು ಚೀಲದಲ್ಲಿ ಹೊತ್ತು ತರುತ್ತಾರೆ. ಒಂದು ತಟ್ಟೆಯಲ್ಲಿ ನಮ್ಮ ಬಟ್ಟು, ಇನ್ನೊಂದರಲ್ಲಿ ಅವರದು. ಸವೆದಿದ್ದರೆ ತಳದ ಕುಳಿಗೆ ಸೀಸ ತುಂಬಿ ಸರಿಮಾಡಿ ಮುದ್ರೆ ಒತ್ತುತ್ತೇವೆ. ಹೆದರಬೇಡ, ಸೀಸ ಕಾಯಿಸುವುದು ಹಿಂದಿನ ಷೆಡ್ಡಿನಲ್ಲಿ. ನನ್ನನ್ನು ಈಗ ತಕ್ಕಡಿಯ ಮೇಜಿಗೇ ಹಾಕಿದ್ದಾರೆ.

ಇವರು ಎಂದಿನಂತೆ ಯಾವುದೋ ಕಟ್ಟಡದ ಲಿಫ್ಟಿನ ಬಾವಿಯೊಳಗೆ ರಿಪೇರಿ ಮಾಡುತ್ತ ಇರುತ್ತಾರೆ. ಸುದ್ದಿ ಕೇಳಿ ಹೊರಗೆ ಹೋಗಿ, ಅರ್ಧ ಗಂಟೆ ಬಿಟ್ಟು ಮೂರು ಬಕೀಟು ತಂದರು. ಯಾಕೆ ಬಕೀಟು ಎಂದು ಇನ್ನೂ ಕೇಳಿಲ್ಲ.

ಅಮ್ಮನಿಗೆ ಹೇಳಬೇಕಾದದ್ದನ್ನು ನಿನಗೆ ಹೇಳಿದ್ದೇನೆ.

ನಿನ್ನ
ಗುಂಡುಸೂಜಿ


ಏಪ್ರಿಲ್ 24

ಗುಂಡುಸೂಜಿ,

ಕಾಗದ ಓದಿ ಕನ್ನಡಕ ಒರೆಸಿಕೊಂಡೆ. ಅಷ್ಟು ಸಾಕು, ಉಳಿದದ್ದು ಕೆಲಸದ ಮಾತು.

ಹನ್ನೊಂದನೇ ವಯಸ್ಸಿನಿಂದ ನಿನ್ನನ್ನು ಸಾಕಿದ್ದಕ್ಕಿಂತ ಹೆಚ್ಚು ವರ್ಷ ಹೆರಿಗೆ ವಾರ್ಡಿನಲ್ಲಿ ಕಳೆದಿದ್ದೇನೆ. ಮೂವತ್ತನಾಲ್ಕು. ಹಾಗಾಗಿ ದಾದಿಯ ಬುದ್ಧಿ ಬಿಡುವುದಿಲ್ಲ. ಊರವರು ಒಂಬತ್ತು ತಿಂಗಳು ಒಂಬತ್ತು ದಿನ ಎನ್ನುತ್ತಾರೆ. ನಾವು ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸುತ್ತೇವೆ. ನವೆಂಬರ್ ಹದಿಮೂರು ಅಂದರೆ ನೀನು ಫೆಬ್ರವರಿ ಆರು ಅಂದಿದ್ದೀಯ. ಅಲ್ಲಿಗೆ ಇವತ್ತಿಗೆ ಹನ್ನೊಂದು ವಾರ.

ಈ ಲೆಕ್ಕ ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಮಾತ್ರ. ನಿನ್ನದು ಹೇಗೆ? ಮದುವೆಗೆ ಮುಂಚೆ ಗಡಿಯಾರದ ಹಾಗಿತ್ತು. ಈಗಲೂ ಹಾಗೇನಾ? ಯಾವುದಕ್ಕೂ ಇನ್ನೆರಡು ವಾರದೊಳಗೆ ಸ್ಕ್ಯಾನ್ ಮಾಡಿಸು. ಮೂರು ತಿಂಗಳೊಳಗೆ ಎಲ್ಲ ಕೂಸುಗಳೂ ಒಂದೇ ಅಚ್ಚಿನಲ್ಲಿ ಬೆಳೆಯುತ್ತವೆ, ಅಳೆದರೆ ವಯಸ್ಸು ಗೊತ್ತಾಗುತ್ತದೆ. ಆಮೇಲೆ ಒಂದು ಅಪ್ಪನ ಹಾಗೆ, ಒಂದು ಅಮ್ಮನ ಹಾಗೆ, ಲೆಕ್ಕ ಕೆಡುತ್ತದೆ.

ಸೀಸದ ಷೆಡ್ಡಿನ ಕಡೆ ಮುಖ ಹಾಕಬೇಡ. ಊಟಕ್ಕೆ ಮುಂಚೆ ಕೈ ತೊಳಿ. ಬಕೀಟು ಬೇಕಾಗುತ್ತದೆ. ಅವನಿಗೆ ನಿನಗಿಂತ ಬುದ್ಧಿ ಇದೆ.

ದೊಡ್ಡಮ್ಮ


ಮೇ 27

ದೊಡ್ಡಮ್ಮ,

ತಡವಾಯಿತು. ಬೇಸಿಗೆಯಲ್ಲಿ ತರಕಾರಿ ಮಾರುಕಟ್ಟೆಯ ಸರದಿ. ದಿನಕ್ಕೆ ಇನ್ನೂರು ಬಟ್ಟು. ಒಬ್ಬ ಮುದುಕ ಮೂವತ್ತು ವರ್ಷದ ಒಂದು ಕಿಲೋ ಬಟ್ಟು ತಂದಿದ್ದ. ಹನ್ನೊಂದು ಗ್ರಾಂ ಕಡಿಮೆ. "ಅದು ನನ್ನ ಕೈಯಲ್ಲೇ ಸವೆದಿದ್ದು ತಾಯಿ, ನಾನೂ ಸವೆದಿಲ್ವಾ?" ಅಂದ. ಮುದ್ರೆ ಹಾಕಲಿಲ್ಲ. ಹಾಕಬೇಕೆನ್ನಿಸಿತು.

ಸ್ಕ್ಯಾನ್ ಆಗಲಿಲ್ಲ. ಯಂತ್ರವಿರುವುದು ದೊಡ್ಡ ಆಸ್ಪತ್ರೆಯಲ್ಲಿ, ಅಲ್ಲಿಗೆ ಇಡೀ ದಿನ ಬೇಕು, ಪ್ರೊಬೇಷನ್ನಿನಲ್ಲಿ ರಜೆ ಕೇಳಿದರೆ ಮುಖ ನೋಡುತ್ತಾರೆ. ಸಿಸ್ಟರ್ ಕೂಡ, ತಾರೀಖು ನಿಮಗೆ ಖಚಿತವಾಗಿ ಗೊತ್ತಿದೆಯಲ್ಲ, ಅವಸರವಿಲ್ಲ ಎಂದರು.

ಒಂದು ವಿಷಯ. ಹದಿನೆಂಟನೇ ತಾರೀಖು ಐದು ಕಿಲೋ ಬಟ್ಟನ್ನು ತಟ್ಟೆಗೆ ಇಳಿಸುತ್ತಿದ್ದೆ. ಒಳಗಿನಿಂದ ಯಾರೋ ಬೆರಳ ತುದಿಯಿಂದ ತಟ್ಟಿದ ಹಾಗಾಯಿತು. ಮುಳ್ಳು ನಿಲ್ಲುವುದನ್ನು ಕಾಯುತ್ತ ನಾನೂ ನಿಂತೆ. ಮತ್ತೆ ತಟ್ಟಿತು. ಇವರಿಗೆ ಹೇಳಿದರೆ, "ಲಿಫ್ಟ್ ಒಳಗೆ ಸಿಕ್ಕಿಹಾಕ್ಕೊಂಡವರು ಹಾಗೇ ತಟ್ಟೋದು, ಗಾಬರಿ ಇಲ್ಲದೆ ಇದ್ರೆ ಮೆತ್ತಗೆ ತಟ್ತಾರೆ" ಎಂದರು.

ನನ್ನದು ಈಗಲೂ ಗಡಿಯಾರದ ಹಾಗೇ.

ಗುಂಡುಸೂಜಿ


ಜೂನ್ 3

ಗುಂಡುಸೂಜಿ,

ಹದಿನೆಂಟಕ್ಕೆ ನಿನಗೆ ಹದಿನಾಲ್ಕು ವಾರ. ಚೊಚ್ಚಲು ಬಸುರಿಯಲ್ಲಿ ಹದಿನಾಲ್ಕು ವಾರಕ್ಕೆ ಕೂಸು ತಟ್ಟುವುದಿಲ್ಲ. ತಟ್ಟಿದರೂ ತಾಯಿಗೆ ತಿಳಿಯುವುದಿಲ್ಲ. ಹದಿನೆಂಟು, ಇಪ್ಪತ್ತು ಆಗಬೇಕು. ಅದು ವಾಯು. ಕಚೇರಿಯಲ್ಲಿ ಮಧ್ಯಾಹ್ನ ಏನು ತಿನ್ನುತ್ತೀ? ಬೇಳೆ ಕಡಿಮೆ ಮಾಡು. ಗಂಡನಿಗೆ ಹೇಳು, ಲಿಫ್ಟಿನಲ್ಲಿ ಇನ್ನೂ ಯಾರೂ ಹತ್ತಿಲ್ಲ, ಬರೀ ಗಾಳಿ.

ಸ್ಕ್ಯಾನ್ ತಪ್ಪಿಸಿದ್ದು ನನಗೆ ಸರಿಬರಲಿಲ್ಲ. ಇನ್ನೊಬ್ಬರ ಬಟ್ಟಿಗೆ ಹನ್ನೊಂದು ಗ್ರಾಂ ಬಿಡದವಳು ನಿನ್ನದನ್ನು ತಟ್ಟೆಗೆ ಇಡುವುದಿಲ್ಲ ಅಂದರೆ ಏನರ್ಥ? ಹೋಗಲಿ. ಕ್ಲಿನಿಕ್ಕಿನಲ್ಲಿ ಟೇಪು ಇದ್ದೇ ಇರುತ್ತದೆ. ಅಳತೆ ಎಷ್ಟು ಬಂತು ಎಂದು ಬರೆ.

ದೊಡ್ಡಮ್ಮ


ಜೂನ್ 30

ದೊಡ್ಡಮ್ಮ,

ವಾಯು ಈಗ ದಿನಕ್ಕೆ ಇಪ್ಪತ್ತು ಸಲ ಒದೆಯುತ್ತದೆ. ಹೊರಗಿನಿಂದ ಕೈಯಿಟ್ಟರೂ ಗೊತ್ತಾಗುತ್ತದೆ. ಇವರು ಅದರ ಜೊತೆ ಮಾತಾಡುತ್ತಾರೆ. "ಬಾಗಿಲು ತೆಗೆಯೋರು ಬರ್ತಿದಾರೆ, ಸ್ವಲ್ಪ ತಾಳ್ಮೆ ಇರಲಿ."

ಇಪ್ಪತ್ತೇಳಕ್ಕೆ ಟೇಪು ಹಿಡಿದರು. ಇಪ್ಪತ್ತನಾಲ್ಕು ಸೆಂಟಿಮೀಟರ್ ಬಂತು. ಸಿಸ್ಟರ್ ಎರಡು ಸಲ ಅಳೆದರು. "ಇಪ್ಪತ್ತು ವಾರಕ್ಕೆ ಇಪ್ಪತ್ತು ಬರ್ಬೇಕು. ಗಂಡ ಎತ್ತರಾನಾ?" ಅಂದರು. ಹೌದು ಅಂದೆ. ಇವರು ನನ್ನ ಕಿವಿಯವರೆಗೆ ಬರುತ್ತಾರೆ ಎಂಬುದು ನಿನಗೆ ಗೊತ್ತು. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಬಾಯಿಗೆ ಬಂತು.

ಕನ್ನಡಿಯಲ್ಲಿ ನೋಡಿಕೊಂಡರೆ ನೀನಿಟ್ಟ ಹೆಸರಿನಲ್ಲಿ ಸೂಜಿ ಹೋಗಿ ಗುಂಡು ಮಾತ್ರ ಉಳಿದಿದೆ.

ಗುಂಡು


ಜುಲೈ 7

ಗುಂಡು,

ನಾಲ್ಕು ಸೆಂಟಿಮೀಟರ್ ಹೆಚ್ಚು ಅಂದರೆ ಗಂಡನ ಎತ್ತರದಿಂದ ಅಲ್ಲ. ಎರಡರಲ್ಲಿ ಒಂದು. ಸಕ್ಕರೆ ಹೆಚ್ಚಿರಬೇಕು, ಇಲ್ಲವೇ ಅವಳಿ. ಒದೆತ ಬೇಗ ತಿಳಿದದ್ದಕ್ಕೂ ಅವಳಿಯೇ ಸರಿಹೋಗುತ್ತದೆ. ನಾನು ವಾಯು ಅಂದದ್ದನ್ನು ವಾಪಸು ತೆಗೆದುಕೊಂಡೆ. ನಮ್ಮ ಮನೆತನದಲ್ಲಿ ಅವಳಿ ಇಲ್ಲ. ನಿನ್ನ ಗಂಡನ ಕಡೆ ವಿಚಾರಿಸು.

ರಕ್ತ ಪರೀಕ್ಷೆ ಮಾಡಿಸು. ಗುಂಡಿಗೆ ಒಂದು ಬಡಿಯುತ್ತಿದೆಯೋ ಎರಡೋ ಎಂದು ಡಾಕ್ಟರ ಹತ್ತಿರ ಎರಡು ಕಡೆ ಕೇಳಿಸು. ನನ್ನ ಬಲಗಿವಿ ಹೋದದ್ದೇ ಕೂಸಿನ ಗುಂಡಿಗೆ ಕೇಳುವ ಮರದ ಕೊಳವೆಯನ್ನು ಹೊಟ್ಟೆಗೆ ಒತ್ತಿ ಒತ್ತಿ ಎಂದು ವಾರ್ಡಿನಲ್ಲಿ ಆಡಿಕೊಳ್ಳುತ್ತಿದ್ದರು. ಈಗ ಆ ಕಿವಿ ನಿನ್ನ ಹತ್ತಿರ ಇರಬೇಕಿತ್ತು.

ಉಣ್ಣೆ ತಂದಿದ್ದೇನೆ. ಎರಡು ಟೋಪಿ ಹೆಣೆಯುತ್ತಿದ್ದೇನೆ, ಒಂದು ಬೂದು, ಒಂದು ಹಸಿರು. ಒಂದೇ ಬಣ್ಣದ್ದು ಹಾಕಿದರೆ ಯಾರಿಗೆ ಎರಡು ಸಲ ಹಾಲು ಕೊಟ್ಟೆ ಎಂದು ನಿನಗೇ ತಿಳಿಯುವುದಿಲ್ಲ.

ದೊಡ್ಡಮ್ಮ


ಆಗಸ್ಟ್ 12

ದೊಡ್ಡಮ್ಮ,

ಕಾಯಂ ಆಯಿತು! ಹತ್ತನೇ ತಾರೀಖು ಸಂಜೆ ಸೂಪರಿಂಟೆಂಡೆಂಟರು ಕರೆದು ಕಾಗದ ಕೊಟ್ಟರು. ಜೊತೆಗೆ ನನ್ನದೇ ಮುದ್ರೆ, ಉಕ್ಕಿನದು, ತುದಿಯಲ್ಲಿ ನನ್ನ ಸಂಖ್ಯೆ. ಇನ್ನು ಮುಂದೆ ನಾನು ಸರಿ ಅಂದ ಬಟ್ಟನ್ನು ಯಾರೂ ತಪ್ಪು ಅನ್ನುವಂತಿಲ್ಲ. ಮನೆಗೆ ನಡೆದೇ ಬಂದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ದಾರಿಯುದ್ದಕ್ಕೂ ಗುನುಗಿಕೊಂಡೆ. ಮಾರನೆಯ ದಿನ ಮಧ್ಯಾಹ್ನದವರೆಗೆ ಮಲಗಿದ್ದೆ. ಇವರು ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದರಂತೆ.

ಸಕ್ಕರೆ ಸರಿಯಿದೆ. ಗುಂಡಿಗೆ ಒಂದೇ. ಅಳತೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ, ದೊಡ್ಡ ಮಗು ಅನ್ನುತ್ತಾರೆ. ನೀನೂ ಕೆಡಿಸಿಕೊಳ್ಳಬೇಡ.

ಹಸಿರು ಟೋಪಿ ಸಾಕು.

ಗುಂಡುಸೂಜಿ


ಆಗಸ್ಟ್ 19

ಮಗೂ,

ಕಾಯಂ ಆದದ್ದು ಸಂತೋಷ. ನಿಜವಾದ ಸಂತೋಷ. ಅದನ್ನು ಮೊದಲು ಹೇಳಿಬಿಡುತ್ತೇನೆ, ಮುಂದಿನದು ಓದಿದ ಮೇಲೆ ನೀನು ನಂಬುವುದಿಲ್ಲ.

ಯಾವ ದೊಣ್ಣೆ? ಕಷ್ಟಪಟ್ಟು ಪಾಸಾದವಳು ಗೆದ್ದೆ ಅನ್ನುತ್ತಾಳೆ, ತಪ್ಪಿಸಿಕೊಂಡೆ ಅನ್ನುವುದಿಲ್ಲ.

ನಿನ್ನ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಒದೆತ ನಾಲ್ಕು ವಾರ ಮುಂಚೆ. ಅಳತೆ ನಾಲ್ಕು ವಾರ ಹೆಚ್ಚು. ಅವಳಿ ಅಲ್ಲ, ಸಕ್ಕರೆ ಅಲ್ಲ. ಸ್ಕ್ಯಾನಿಗೆ ಹೋಗಲಿಲ್ಲ. ಗಂಡನನ್ನು ಒಂದು ಮೊಳ ಎತ್ತರ ಮಾಡಿದೆ. ನೌಕರಿಗೆ ಸೇರಿದ್ದು ಫೆಬ್ರವರಿ ಹತ್ತು. ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆಯ ಕಾಗದ ತುಂಬಿರಬೇಕು. ಸೀಸ ಇರುವ ಕಡೆ ಹೆಂಗಸರಿಗೆ ಏನು ಕೇಳುತ್ತಾರೆ ಎಂದು ನನಗೂ ಗೊತ್ತು.

ಒಂದೇ ಪ್ರಶ್ನೆ. ಫೆಬ್ರವರಿ ಆರಕ್ಕೆ ನೀನು ಮುಟ್ಟಾಗಿದ್ದೆಯಾ? ಹೌದು ಅಥವಾ ಇಲ್ಲ, ಒಂದು ಪದ ಬರೆದು ಕಾರ್ಡು ಹಾಕು.

ದೊಡ್ಡಮ್ಮ


ಸೆಪ್ಟೆಂಬರ್ 15

ಕಾರ್ಡು ಬರಲಿಲ್ಲ. ಬಾರದಿರುವುದೂ ಒಂದು ಪದ.

ನನ್ನ ಲೆಕ್ಕಕ್ಕೆ ಮಗು ಅಕ್ಟೋಬರ್ ಹದಿನಾರರ ಆಸುಪಾಸು. ನವೆಂಬರ್ ಅಲ್ಲ.

ದೊಡ್ಡಮ್ಮ


ಸೆಪ್ಟೆಂಬರ್ 22

ದೊಡ್ಡಮ್ಮನವರಿಗೆ,

ಇಲ್ಲ. ಆಗಿರಲಿಲ್ಲ. ಜನವರಿ ಒಂಬತ್ತು. ನಿಮಗೆ ಬೇಕಾಗಿದ್ದದ್ದು ಸಿಕ್ಕಿತಲ್ಲ.

ಫೆಬ್ರವರಿ ಎಂಟರಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಕಾಗದ ತುಂಬಿದೆ. ಹನ್ನೆರಡನೇ ಕಲಮು: ಕೊನೆಯ ಮುಟ್ಟಿನ ತಾರೀಖು. ಆರಕ್ಕೆ ಬರಬೇಕಿತ್ತು. ಎರಡು ದಿನ ತಡ. ಹೊಟ್ಟೆ ನೋಯುತ್ತಿತ್ತು, ಇವತ್ತೋ ನಾಳೆಯೋ ಎಂದುಕೊಂಡೆ. ಜನವರಿ ಒಂಬತ್ತು ಎಂದು ಬರೆದರೆ, ಮೂವತ್ತು ದಿನ ಆಯ್ತಲ್ಲ, ಬಸುರಿ ಪರೀಕ್ಷೆ ಮಾಡಿಸಿಕೊಂಡು ಬಾ, ಆಮೇಲೆ ಸೇರು ಅನ್ನುತ್ತಿದ್ದರು. ಸೇರುವಾಗಲೇ ಬಸುರಿಯಾಗಿದ್ದರೆ ಆದೇಶ ರದ್ದು. ಹೆತ್ತ ಮೇಲೆ ಮತ್ತೆ ಅರ್ಜಿ ಹಾಕಬಹುದು, ವಯಸ್ಸಿದ್ದರೆ. ನನಗೆ ಐದು ವಾರ ಉಳಿದಿತ್ತು. ಬರಬೇಕಾಗಿದ್ದ ತಾರೀಖನ್ನೇ ಬಂದದ್ದೆಂದು ಬರೆದೆ. ಬರೆಯುವಾಗ ಅದು ಸುಳ್ಳು ಅನ್ನಿಸಲಿಲ್ಲ. ಆರು ದಿನ ಬಿಟ್ಟು ಅನ್ನಿಸಿತು. ಅಷ್ಟರಲ್ಲಿ ಕಾಗದ ಫೈಲಿನಲ್ಲಿತ್ತು. ಕಚೇರಿಯದ್ದೂ ಕ್ಲಿನಿಕ್ಕಿನದ್ದೂ ಒಂದೇ ಫೈಲು.

ಇವರಿಗೂ ಗೊತ್ತಿಲ್ಲ. ಮಗು ಅಕ್ಟೋಬರಿನಲ್ಲಿ ಹುಟ್ಟಿದರೆ ಒಂದು ತಿಂಗಳು ಮುಂಚೆ ಹುಟ್ಟಿತು ಅನ್ನುತ್ತಾರೆ. ಎಷ್ಟೋ ಮಕ್ಕಳು ಹಾಗೆ ಹುಟ್ಟುತ್ತವೆ. ಇನ್ನೊಂದು ತಿಂಗಳು ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ತಾನೇ ಸರಿಹೋಗುತ್ತದೆ. ಇದನ್ನು ಮಾಡಿಯೇ ತೀರುತ್ತೇನೆ. ಆರು ವರ್ಷ ದೊಡ್ಡಮ್ಮ. ಮದುವೆಯಾದ ಮೇಲೆ ನಾನು ಬೇರೆ ಏನನ್ನೂ ಮಾಡಿಲ್ಲ, ಆ ಪರೀಕ್ಷೆಗಳನ್ನು ಬರೆದದ್ದು ಬಿಟ್ಟು.

ನೀವು ಯಾರಿಗೂ ಏನೂ ಬರೆಯಬಾರದು. ಮಾತು ಕೊಡಿ.


ಸೆಪ್ಟೆಂಬರ್ 29

ಗುಂಡುಸೂಜಿ,

"ದೊಡ್ಡಮ್ಮನವರು" ನಿನ್ನ ಕಾಗದವನ್ನು ಎರಡು ಸಲ ಓದಿದರು. ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಕಾಗದ ತುಂಬುವವರು ಕೈ ನಡುಗಿಸುತ್ತಾರೆ, ಕಾಗದ ಮಾಡಿದವರು ಯಾವತ್ತೂ ನಡುಗುವುದಿಲ್ಲ. ಅದು ನಮ್ಮ ವಾರ್ಡಿನ ಮಾತು.

ಮಾತು ಕೊಡು ಅಂದೆ. ಈಗ ಯಾರಿಗೂ ಬರೆಯುವುದಿಲ್ಲ. "ಈಗ" ಎಂಬ ಪದವನ್ನು ನೆನಪಿಡು.

ನಿನ್ನ ಯೋಜನೆಯಲ್ಲಿ ಒಂದು ತೂತಿದೆ. ಮಗು ಹದಿನಾರಕ್ಕೆ ಬಂದರೆ ಸರಿ. ಬೇಗ ಬಂತು ಎಂದು ಸುಳ್ಳೇ ಒಂದಿಷ್ಟು ಗಾಬರಿ ಬೀಳುತ್ತಾರೆ, ಅಷ್ಟೆ. ಬಾರದಿದ್ದರೆ? ಚೊಚ್ಚಲು ತಡವಾಗುವುದೇ ಹೆಚ್ಚು. ದಿನ ತುಂಬಿದ ಮೇಲೆ ಮಾಸು ಹಳತಾಗುತ್ತದೆ, ಕೂಸಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ತಾರೀಖು ಗೊತ್ತಿರುವ ಡಾಕ್ಟರು ಒಂದು ವಾರ ನೋಡಿ ನೋವು ಬರಿಸುತ್ತಾರೆ. ನಿನ್ನ ಡಾಕ್ಟರು ಆಗ ಇನ್ನೂ ಮೂರು ವಾರ ಇದೆ ಅಂದುಕೊಂಡು ಮನೆಗೆ ಕಳಿಸುತ್ತಾರೆ. ನೀನು ಅವರ ಕಣ್ಣು ಕಟ್ಟಿದ್ದೀಯ.

ದಿನಾ ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಒದೆತ ಎಣಿಸು. ಎರಡು ಗಂಟೆಯೊಳಗೆ ಹತ್ತು ಆಗಬೇಕು. ಆಗದಿದ್ದರೆ ಫೈಲು, ನೌಕರಿ, ನಾನು, ಎಲ್ಲ ಬಿಟ್ಟು ಆಗಲೇ ಆಸ್ಪತ್ರೆಗೆ ಓಡು. ಗಂಡನಿಗೆ ಹೇಳು. ಅಕ್ಟೋಬರ್ ಇಪ್ಪತ್ತಮೂರು ಕೊನೆ. ಅದರಾಚೆ ನಾನು ಕಾಯುವುದಿಲ್ಲ.

ದೊಡ್ಡಮ್ಮ


ಅಕ್ಟೋಬರ್ 18, ಸ್ಪೀಡ್ ಪೋಸ್ಟ್

ದೊಡ್ಡಮ್ಮ,

ಹದಿನಾರು ಬಂತು, ಹೋಯಿತು. ಅವತ್ತು ಇಡೀ ದಿನ ಕಚೇರಿಯಲ್ಲಿ ಒಂದು ಚೀಲ ಬಟ್ಟೆ ಇಟ್ಟುಕೊಂಡು ಕೂತಿದ್ದೆ. ಏನೂ ಆಗಲಿಲ್ಲ. ಸಂಜೆ ಚೀಲ ಹೊತ್ತು ವಾಪಸು ಬಂದೆ.

ನಿನ್ನೆ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರು ಫೈಲು ನೋಡಿ, "ಇನ್ನೂ ನಾಲ್ಕು ವಾರ ಇದೆಯಲ್ಲ, ಒಂದನೇ ತಾರೀಖು ಬನ್ನಿ" ಅಂದರು. ಸಿಸ್ಟರ್ ಹೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. "ನಿಮ್ಮ ತಾರೀಖು ಸರಿ ಇದೆ ತಾನೆ?" ಅಂದರು. ಬೇರೆ ಯಾರಿಗಾದರೂ ಅದು ಬರೀ ಪ್ರಶ್ನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಆದರೂ ಹೆಗಲು ಮುಟ್ಟಲಿಲ್ಲ. "ಸರಿ ಇದೆ" ಅಂದೆ. ಗಟ್ಟಿಯಾಗಿಯೇ ಅಂದೆ.

ಒದೆತ ಎಣಿಸುತ್ತಿದ್ದೇನೆ. ಹೋದ ವಾರ ಅರ್ಧ ಗಂಟೆಗೆ ಹತ್ತು ಆಗುತ್ತಿತ್ತು. ನಿನ್ನೆ ಒಂದು ಗಂಟೆ ಹತ್ತು ನಿಮಿಷ. ಇವತ್ತು ಒಂದೂವರೆ.

ನಾನು ಕಾಯುತ್ತೇನೆ. ಇವತ್ತೋ ನಾಳೆಯೋ ಬರುತ್ತದೆ.

ಗುಂಡುಸೂಜಿ


ಅಕ್ಟೋಬರ್ 20, ಸ್ಪೀಡ್ ಪೋಸ್ಟ್

ಇವತ್ತೋ ನಾಳೆಯೋ ಎಂದು ನೀನು ಫೆಬ್ರವರಿಯಲ್ಲೂ ಅಂದುಕೊಂಡಿದ್ದೆ.

ನಿನಗೆ ಹೇಳದ ಒಂದು ವಿಷಯ ಇದೆ. ಇಪ್ಪತ್ತೆರಡು ವರ್ಷದ ಹಿಂದೆ, ಹನ್ನೆರಡನೇ ಹಾಸಿಗೆ. ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡುವ ಹುಡುಗಿ. ಮದುವೆಯ ತಾರೀಖಿಗೆ ಹೊಂದಲಿ ಎಂದು ಮುಟ್ಟಿನ ತಾರೀಖನ್ನು ಒಂದು ತಿಂಗಳು ಮುಂದೆ ಹಾಕಿ ಹೇಳಿದ್ದಳು. ನಾನು ಹೊಟ್ಟೆ ಮುಟ್ಟಿದೆ. ಕೈಗೆ ಸಿಕ್ಕಿದ್ದು ದಿನ ತುಂಬಿದ ಕೂಸು. ಫೈಲಿನಲ್ಲಿದ್ದದ್ದು ಎಂಟು ತಿಂಗಳು. ದೊಡ್ಡ ಡಾಕ್ಟರು ಫೈಲು ನೋಡಿ, ಮನೆಗೆ ಕಳಿಸಿ ಅಂದರು. ನನ್ನ ಬಾಯಿಗೆ ಮಾತು ಬಂದಿತ್ತು. ನುಂಗಿದೆ. ಕಳಿಸಿದೆ.

ಮೂರು ವಾರ ಬಿಟ್ಟು ಬಂದಳು. ಕೊಳವೆ ಇಟ್ಟು ಕೇಳಿದೆ. ಎಡಕ್ಕೆ, ಬಲಕ್ಕೆ, ಕೆಳಗೆ, ಮತ್ತೆ ಎಡಕ್ಕೆ. ನನ್ನ ಕಿವಿ ಕೆಟ್ಟದ್ದು ಆಮೇಲೆ. ಅವತ್ತು ಚೆನ್ನಾಗಿತ್ತು.

ಹೋಗುವ ದಿನ ಅವಳು ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟೆ: "ನಾನು ಸುಳ್ಳು ಹೇಳ್ದೆ ಸಿಸ್ಟರ್. ನಿಮಗೆ ಕೈ ಇರ್ಲಿಲ್ವಾ?"

ನನ್ನ ಕೈ ಈಗ ಎರಡು ದಿನದ ದಾರಿ ದೂರದಲ್ಲಿದೆ. ನಿನ್ನ ಕ್ಲಿನಿಕ್ಕಿನ ಸಿಸ್ಟರಿಗೆ ಒಂದು ಕಾಗದ ಬರೆದು ಲಕೋಟೆಯಲ್ಲಿಟ್ಟಿದ್ದೇನೆ. ಜನವರಿ ಒಂಬತ್ತು ಎಂದು ಅದರಲ್ಲಿದೆ. ಇನ್ನೂ ಅಂಚೆಗೆ ಹಾಕಿಲ್ಲ. ಇಪ್ಪತ್ತನಾಲ್ಕರ ಬೆಳಿಗ್ಗೆ ಹಾಕುತ್ತೇನೆ. ಅಷ್ಟರೊಳಗೆ ನೀನೇ ಹೋಗಿ ಹೇಳು. ಎರಡು ಗಂಟೆಗೆ ಹತ್ತು ಆಗದಿದ್ದರೆ ಆ ಕ್ಷಣವೇ ಹೊರಡು.

ಇದು ಕೇಳಿಕೆ ಅಲ್ಲ.

ದೊಡ್ಡಮ್ಮ


ಅಕ್ಟೋಬರ್ 31

ದೊಡ್ಡಮ್ಮ,

ಹೆಣ್ಣು. ಇಪ್ಪತ್ತೈದರ ಬೆಳಿಗ್ಗೆ ಹನ್ನೊಂದೂವರೆಗೆ. ಇಬ್ಬರೂ ಚೆನ್ನಾಗಿದ್ದೇವೆ. ಇಷ್ಟನ್ನು ಇವರು ತಂತಿಯ ಹಾಗೆ ಕಾರ್ಡಿನಲ್ಲಿ ಬರೆದಿದ್ದರಲ್ಲ. ಉಳಿದದ್ದು ನಾನು ಬರೆಯುತ್ತೇನೆ.

ನಿನ್ನ ಕಾಗದ ಇಪ್ಪತ್ತೆರಡರ ಸಂಜೆ ಬಂತು. ಓದಿ ಇವರಿಗೆ ಕೊಟ್ಟೆ. ಓದಿದರು. "ಜನವರಿ ಒಂಬತ್ತಾ?" ಅಂದರು. ಹೌದು ಅಂದೆ. "ಎಂಟು ತಿಂಗಳು ಒಬ್ಬಳೇ ಹೊತ್ತೆಯಲ್ಲೇ," ಅಂದರು. ಮಗುವಿನ ಮಾತೋ ತಾರೀಖಿನ ಮಾತೋ ಎಂದು ಕೇಳಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತು ಒದೆತ ಎಣಿಸಿದರು. ಒಂದು ಗಂಟೆ ಐವತ್ತು ನಿಮಿಷಕ್ಕೆ ಹತ್ತನೆಯದು.

ಇಪ್ಪತ್ತಮೂರರ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಕ್ಲಿನಿಕ್ಕಿನಲ್ಲಿದ್ದೆವು.

"ಸಿಸ್ಟರ್, ಈ ಫೈಲಿನಲ್ಲಿ ತಾರೀಖು ತಪ್ಪಿದೆ."

"ಯಾವುದು?"

"ಮೊದಲನೆಯದು. ಅದರಿಂದಾಗಿ ಉಳಿದಿದ್ದೆಲ್ಲ."

ಅವರು ಯಾಕೆ, ಏನು ಎಂದು ಕೇಳಲಿಲ್ಲ. ಮೇಜಿನ ಡ್ರಾಯರನ್ನು ಅರ್ಧ ಎಳೆದು ಒಳಗೆ ನೋಡಿ, ಮತ್ತೆ ತಳ್ಳಿದರು. ಪೆನ್ನು ಕೊಟ್ಟರು. "ನೀವೇ ತಿದ್ದಿ. ನಾನು ತಿದ್ದಿದ್ರೆ ಅದು ನನ್ನ ಬರಹ ಆಗುತ್ತೆ."

ನಮ್ಮ ಕಚೇರಿಯಲ್ಲಿ ರಿಜಿಸ್ಟರು ತಿದ್ದಲು ಒಂದು ಕ್ರಮವಿದೆ. ಕೆರೆಯಬಾರದು, ಬಿಳಿ ಬಳಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನ ಅಂಕಿ ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು. ಅದರ ಪಕ್ಕ ರುಜು ಮತ್ತು ತಾರೀಖು. ಹಾಗೇ ಮಾಡಿದೆ. ಫೆಬ್ರವರಿ ಆರರ ಮೇಲೆ ಒಂದು ಗೆರೆ. ಕೈ ನಡುಗಲಿಲ್ಲ.

ಹತ್ತು ನಿಮಿಷದಲ್ಲಿ ದೊಡ್ಡ ಆಸ್ಪತ್ರೆಯ ಗಾಡಿಯಲ್ಲಿದ್ದೆ. ನೀರು ಕಡಿಮೆಯಾಗಿದೆ ಎಂದರು. ನೋವು ಬರಿಸಿದರು. ಆ ಎರಡು ದಿನದ ಬಗ್ಗೆ ನಿನಗೆ ಹೇಳುವುದು ಏನೂ ಇಲ್ಲ, ನೀನು ಮೂವತ್ತನಾಲ್ಕು ವರ್ಷ ನೋಡಿದ್ದೀಯ. ಮಗುವಿನ ಉಗುರು ಉದ್ದ ಬೆಳೆದಿತ್ತು, ಅಂಗೈ ಅಂಗಾಲಿನ ಚರ್ಮ ಸುಲಿಯುತ್ತಿತ್ತು. ಅಲ್ಲಿಯ ದಾದಿ, "ಇವಳು ಹೊರಗೆ ಬರೋದಕ್ಕೆ ಕಾದು ಕಾದು ಮುದುಕಿ ಆಗಿದಾಳೆ" ಅಂದಳು.

ಆಮೇಲೆ ತೂಕ ಹಾಕಿದರು. "ಮೂರು ಕಿಲೋ ನೂರ ಅರವತ್ತು," ಅಂದಳು. ಮಲಗಿದಲ್ಲಿಂದಲೇ ನನಗೆ ಮುಳ್ಳು ಕಾಣುತ್ತಿತ್ತು.

"ಮಗು ಎತ್ತಿ."

"ಯಾಕ್ರೀ?"

"ಖಾಲಿ ತಟ್ಟೆಗೆ ಮುಳ್ಳು ಎಲ್ಲಿದೆ ನೋಡಿ."

ನಲವತ್ತು ಗ್ರಾಮಿನ ಮೇಲೆ ನಿಂತಿತ್ತು.

"ಹೆತ್ತು ಹತ್ತು ನಿಮಿಷ ಆಗಿಲ್ಲ, ಆಗಲೇ ಇನ್‌ಸ್ಪೆಕ್ಷನ್ ಶುರು ಮಾಡಿದ್ರಲ್ಲ ತಾಯೀ!" ಅಂದಳು. ಆದರೂ ತಿರುಪು ತಿರುಗಿಸಿ ಸರಿಮಾಡಿ ಮತ್ತೆ ಇಟ್ಟಳು. ಮೂರು ಕಿಲೋ ನೂರ ಇಪ್ಪತ್ತು. ಅದನ್ನೇ ಬರೆಸಿದೆ. ಇವಳ ಫೈಲು ತಪ್ಪಿನಿಂದ ಶುರುವಾಗಬಾರದು.

ನಿನ್ನೆ ಸೂಪರಿಂಟೆಂಡೆಂಟರ ಕಡೆಯಿಂದ ನೋಟೀಸು ಬಂತು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ವಿವರಣೆ. ಮುದ್ರೆಯನ್ನು ವಾಪಸು ಕಳಿಸಬೇಕು. ಇವರ ಕೈಯಲ್ಲಿ ಕಳಿಸಿದೆ. ವಿವರಣೆ ಎರಡೇ ಸಾಲು: "ಬರಬೇಕಾಗಿದ್ದ ತಾರೀಖನ್ನು ಬಂದದ್ದೆಂದು ಬರೆದೆ. ಬಟ್ಟಿನ ಮೇಲೆ ಕೊರೆದ ತೂಕವನ್ನು ಅದರ ತೂಕ ಅಂದುಕೊಂಡ ಹಾಗೆ." ಕ್ಷಮೆ ಕೇಳಿಲ್ಲ. ನೌಕರಿ ಕೇಳಿದ್ದೇನೆ.

ನಿನ್ನ ಲಕೋಟೆಯನ್ನು ಹರಿದುಹಾಕಬಹುದು.

ಗುಂಡುಸೂಜಿ


ನವೆಂಬರ್ 6

ಮಗೂ,

ಹರಿಯಲು ಲಕೋಟೆ ನನ್ನ ಹತ್ತಿರ ಇಲ್ಲ.

ಇಪ್ಪತ್ತನೇ ತಾರೀಖೇ ಹಾಕಿದ್ದೆ. ನಿನ್ನ ಕಾಗದ ಮತ್ತು ಸಿಸ್ಟರಿಗೆ ಬರೆದದ್ದು, ಎರಡೂ ಒಂದೇ ಕಿಟಕಿಯಲ್ಲಿ, ಒಂದೇ ಸಲ, ಸ್ಪೀಡ್ ಪೋಸ್ಟಿನಲ್ಲಿ. ನಿನಗೆ ಇಪ್ಪತ್ತನಾಲ್ಕು ಎಂದು ಬರೆದದ್ದು ಸುಳ್ಳು. ಒಂದೂವರೆ ಗಂಟೆ ಎಂದು ನೀನು ಬರೆದ ಮೇಲೆ ನನಗೆ ನಾಲ್ಕು ದಿನ ಕಾಯುವ ಧೈರ್ಯ ಇರಲಿಲ್ಲ. ನಿನಗೆ ಮಾತು ಕೊಟ್ಟು ಮುರಿದೆ. "ಈಗ" ಎಂಬ ಪದದ ಹಿಂದೆ ಅವಿತುಕೊಳ್ಳುವುದಿಲ್ಲ.

ಅವರ ಡ್ರಾಯರಿನಲ್ಲಿ ಇದ್ದದ್ದು ಅದೇ ಇರಬೇಕು. ಓದಿಯೂ ಸುಮ್ಮನಿದ್ದು ನಿನ್ನ ಕೈಗೆ ಪೆನ್ನು ಕೊಟ್ಟರಲ್ಲ, ಆ ಹೆಂಗಸಿಗೆ ನನ್ನ ನಮಸ್ಕಾರ. ನನ್ನಿಂದ ಅದು ಆಗುತ್ತಿರಲಿಲ್ಲ.

ನಿನ್ನ ನೌಕರಿ ಹೋದರೆ ಅದರಲ್ಲಿ ನನ್ನ ಕೈಯೂ ಇದೆ. ಗೊತ್ತಿದ್ದೇ ಮಾಡಿದೆ. ಮತ್ತೆ ಆ ಸ್ಥಿತಿ ಬಂದರೂ ಮಾಡುತ್ತೇನೆ. ನನ್ನನ್ನು ಹೊಡೆದುಹಾಕುವುದಾದರೆ ಒಂದೇ ಗೆರೆಯಲ್ಲಿ ಹೊಡೆ. ಕೆಳಗೆ ಏನಿತ್ತು ಎಂದು ಓದಲು ಬರಲಿ.

ಹಸಿರು ಟೋಪಿ ಕಳಿಸಿದ್ದೇನೆ.

ದೊಡ್ಡಮ್ಮ


ನವೆಂಬರ್ 18

ದೊಡ್ಡಮ್ಮ,

ಹದಿಮೂರಕ್ಕೆ ಆದೇಶ ಬಂತು. ಫೈಲಿನ ಪ್ರಕಾರ ಮಗು ಹುಟ್ಟಬೇಕಾಗಿದ್ದ ದಿನ. ಕಾಯಂ ರದ್ದು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಎಚ್ಚರಿಕೆ. ಹೆರಿಗೆ ರಜೆ ಮುಗಿದ ಮೇಲೆ ಮತ್ತೆ ಒಂದು ವರ್ಷ ಪ್ರೊಬೇಷನ್, ಮೊದಲಿನಿಂದ. ಮುದ್ರೆ ಅಲ್ಲಿಯವರೆಗೆ ಅವರ ಬೀರುವಿನಲ್ಲಿರುತ್ತದೆ. ಹೊರಗೆ ಹಾಕಲಿಲ್ಲ. ತಾನಾಗಿ ತಿದ್ದಿದ್ದನ್ನು ಪರಿಗಣಿಸಿ ಎಂದು ಬರೆದಿದ್ದಾರೆ. ಮಾಡುತ್ತೇನೆ. ಆರು ವರ್ಷದ ಮೇಲೆ ಇನ್ನೊಂದು ವರ್ಷ ದೊಡ್ಡದಲ್ಲ.

ನಿನ್ನ ಲಕೋಟೆಯ ವಿಷಯ ನನಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ದಿನ ಸಿಸ್ಟರ್ ಮನೆಗೆ ಬಂದು ಅದನ್ನು ಕೈಗೆ ಕೊಟ್ಟರು. ಇಪ್ಪತ್ತೆರಡರ ಮಧ್ಯಾಹ್ನವೇ ಬಂದಿತ್ತಂತೆ. "ನಾಳೆ ಹತ್ತು ಗಂಟೆವರೆಗೆ ನೋಡೋಣ, ಬರದೇ ಇದ್ರೆ ನಾನೇ ಗಾಡಿ ತಗೊಂಡು ಹೋಗೋದು ಅಂದ್ಕೊಂಡಿದ್ದೆ" ಅಂದರು. ಮೂವತ್ತೊಂದರ ಕಾಗದ ಬರೆಯುವಾಗ ಅದು ನನ್ನ ತಲೆದಿಂಬಿನ ಕೆಳಗಿತ್ತು. ನೀನಾಗಿ ಬರೆಯುತ್ತೀಯೋ ಇಲ್ಲವೋ ಎಂದು ನೋಡಬೇಕಿತ್ತು. ಬರೆದೆ.

ಗೆರೆ ಹೊಡೆಯುವುದಿಲ್ಲ.

ಹಸಿರು ಟೋಪಿ ಚಿಕ್ಕದಾಯಿತು. ನೀನು ಅವಳಿಯ ತಲೆಗೆ ಹೆಣೆದಿದ್ದೀಯ. ಬೂದು ಟೋಪಿ ಬಿಚ್ಚಿ ಅದೇ ಉಣ್ಣೆಯಲ್ಲಿ ಹೊಸದು ಹೆಣಿ. ಕಳಿಸಬೇಡ, ತೆಗೆದುಕೊಂಡು ಬಾ. ತಲೆಯ ಸುತ್ತಳತೆ ಮೂವತ್ತಾರೂವರೆ ಸೆಂಟಿಮೀಟರ್. ಎರಡು ಸಲ ಅಳೆದಿದ್ದೇನೆ.

ಗುಂಡುಸೂಜಿ